ಡಾಕ್ಟ್ರ ಪಾಲಿನ ತುಳಸಿ

ಎರಡು ತಿಂಗಳ ಹಿಂದೆ ಒಂದು ಶುಕ್ರವಾರ ಬೆಳಿಗ್ಗೆ ನನ್ನ ಮೊಬೈಲು ರಿಂಗಾಗಲಿಲ್ಲ. ಫೋನು ಬಾರದಿದ್ದರೆ ಪುಣ್ಯ ಎಂದುಕೊಳ್ಳುವ ಜಾತಿಯವನು ನಾನು. ರಜೆಯ ದಿನವೇ ಹುಡುಕಿ ಹುಡುಕಿ ಮೆಷೀನುಗಳು ಕೆಡುತ್ತವೆ, ಕಂಪನಿಯವರು ಕರೆಯುತ್ತಾರೆ. ಆದರೆ ಶುಕ್ರವಾರದ ಆ ರಿಂಗು ಬೇರೆ. ಒಂದೇ ಸಲ ಹೊಡೆದು ನಿಲ್ಲುತ್ತಿತ್ತು. ಧಾರವಾಡದಿಂದ ಡಾಕ್ಟ್ರು ಕೊಡುವ ಮಿಸ್ ಕಾಲ್ ಅದು. ಎತ್ತುವಂತಿಲ್ಲ, ನಾನು ತಿರುಗಿ ಒಂದು ಕೊಡಬೇಕು. ಅಂದು ಚಹಾ ಆಯಿತು, ನೀರುದೋಸೆ ಆಯಿತು, ಫೋನು ಸುಮ್ಮನೆ ಬಿದ್ದಿತ್ತು. ಹೆಂಡತಿ ಎರಡು ಸಲ ಅಡುಗೆಮನೆಯಿಂದ ಬಂದು "ಬಂತಾ?" ಎಂದು ಕೇಳಿ ಹೋದಳು.

ಬರೆಯುವುದು ನನ್ನ ಕಸುಬಲ್ಲ. ಅಬುಧಾಬಿಯ ಹೊರಗೆ ಒಂದು ಹ್ಯಾಚರಿಯಲ್ಲಿ, ಅಂದರೆ ಮೊಟ್ಟೆಗೆ ಕಾವು ಕೊಟ್ಟು ಕೋಳಿಮರಿ ಮಾಡುವ ಕಡೆ, ಮೆಷೀನು ನೋಡಿಕೊಳ್ಳುವವನು ನಾನು. ಊರು ಉಡುಪಿ ಕಡೆ, ಮನೆ ಇಲ್ಲೇ ಮುಸಫ್ಫಾದಲ್ಲಿ. ಈ ಮನುಷ್ಯನ ಬಗ್ಗೆ ಬೇರೆ ಯಾರೂ ಬರೆಯುವವರಿಲ್ಲ ಎಂದು ಗೊತ್ತಿರುವುದರಿಂದ ಕುಳಿತಿದ್ದೇನೆ.

ಅವರು ನಮ್ಮ ಹ್ಯಾಚರಿಗೆ ಬಂದದ್ದು ಎರಡು ಸಾವಿರದ ಹನ್ನೆರಡರ ಸುಮಾರಿಗೆ. ಕೋಳಿಗಳ ಡಾಕ್ಟ್ರು. ಎತ್ತರದ, ಸ್ವಲ್ಪ ಬಗ್ಗಿದ ಆಳು. ಜೇಬಿನಲ್ಲಿ ಎಲ್ಲರೂ ಪೆನ್ನು ಸಿಕ್ಕಿಸಿದರೆ ಇವರು ಸಣ್ಣ ಟಾರ್ಚು ಸಿಕ್ಕಿಸುತ್ತಿದ್ದರು. ಹೆಂಡತಿ ತೀರಿಹೋಗಿ ಬಹಳ ವರ್ಷ ಆಗಿತ್ತು, ಮಕ್ಕಳಿರಲಿಲ್ಲ. "ಊರಲ್ಲಿ ಯಾರೆಲ್ಲ ಇದ್ದಾರೆ ಡಾಕ್ಟ್ರೇ?" ಎಂದು ಮೊದಲ ವಾರವೇ ಕೇಳಿದೆ. ಗಲ್ಫಿನಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಅವರು ಸ್ವಲ್ಪ ಯೋಚಿಸಿ, "ಊರಾಗ ಊರ ಅದ ನೋಡ್ರಿ," ಎಂದರು. ಆಮೇಲೆ ನಾನು ಆ ಸುದ್ದಿಗೆ ಹೋಗಲಿಲ್ಲ.

ನಮ್ಮ ಪರಿಚಯ ಜಗಳದಿಂದಲೇ ಶುರುವಾದದ್ದು. ಮರಿ ಹೊರಬರುವ ಕೋಣೆಯಲ್ಲಿ ಏನೋ ರಿಪೇರಿಗೆ ಹೋಗಿದ್ದೆ. ಇವರು ಮೆಷೀನಿನ ಬಾಗಿಲು ತೆರೆದು, ಮೊಟ್ಟೆಗಳ ಟ್ರೇಗೆ ಕಿವಿ ಹಚ್ಚಿ ನಿಂತಿದ್ದರು.

"ಶೆಟ್ರ, ನಿಮ್ಮ ಫ್ಯಾನ್ ಒಂದೀಟು ಬಂದ್ ಮಾಡ್ರಿ. ಏನೂ ಕೇಳವಲ್ದು."

"ಎಂತ ಮಾತಾಡ್ತೀರಿ ಡಾಕ್ಟ್ರೇ. ಫ್ಯಾನ್ ಬಂದ್ ಮಾಡಿದ್ರೆ ನನ್ನ ಕೆಲಸವೂ ಬಂದ್. ಬಾಗಿಲು ಹಾಕಿ ಮೊದಲು."

ಅವರು ಹಾಕಲಿಲ್ಲ. ನನ್ನ ತೋಳು ಹಿಡಿದು ಎಳೆದು ಟ್ರೇ ಹತ್ತಿರ ಬಗ್ಗಿಸಿದರು. ಸಿಟ್ಟಿನಲ್ಲೇ ಬಗ್ಗಿದೆ. ಇನ್ನೂ ಒಡೆಯದ ಮೊಟ್ಟೆಗಳ ಒಳಗಿನಿಂದ ಸಣ್ಣಗೆ ಟಕ್ ಟಕ್ ಎಂದು ಕೇಳುತ್ತಿತ್ತು. ಅಷ್ಟು ವರ್ಷ ಅಲ್ಲೇ ದುಡಿದವನು, ನನ್ನ ಫ್ಯಾನಿನ ಗದ್ದಲದಲ್ಲಿ ಅದನ್ನು ಒಂದು ದಿನವೂ ಕೇಳಿರಲಿಲ್ಲ.

"ಹೊರಗ ಬರೂಕಿಂತ ಮೊದಲs ಮಾತಾಡ್ತಾವ," ಎಂದರು. "ನೀ ತಯಾರಾದಿ? ನಾ ತಯಾರಾದೆ. ಹಂಗ ಒಂದಕ್ಕೊಂದು ಕೇಳಿಕೋತ ಎಲ್ಲಾ ಕೂಡಿ ಹೊರಗ ಬರ್ತಾವ. ಒಂದ ತತ್ತಿ ಒಂಟಿ ಇಟ್ರಿ ಅಂದ್ರ ಅದು ತಡಾ ಮಾಡ್ತದ. ಯಾರೂ ಕರಿಯೂದಿಲ್ಲಲ್ಲ, ಗಡಿಬಿಡಿ ಯಾಕ ಮಾಡೀತು?"

ಮೊಟ್ಟೆಗೆ ಅವರ ಕಡೆ ತತ್ತಿ ಅನ್ನುತ್ತಾರೆ. ಒಂಟಿ ತತ್ತಿ ಇಡಬಾರದು ಎನ್ನುವುದು ಅವರ ಒಂದು ಮಡಿ. ಬೆಳಕಿಗೆ ಹಿಡಿದು ನೋಡಿ, ಜೀವ ಕಟ್ಟದ ಮೊಟ್ಟೆಗಳನ್ನು ತೆಗೆದುಹಾಕಿದ ಮೇಲೆ ಟ್ರೇಯಲ್ಲಿ ಅಲ್ಲಲ್ಲಿ ಖಾಲಿ ಬೀಳುತ್ತದೆ. ಉಳಿದವನ್ನು ಇವರು ಒಂದೊಂದಾಗಿ ಸರಿಸಿ ಒತ್ತೊತ್ತಾಗಿ ಕೂರಿಸುತ್ತಿದ್ದರು. ಕೆಲಸದವರು ಹಿಂದಿನಿಂದ ನಗುತ್ತಿದ್ದರು. ಅದೇ ಡಾಕ್ಟ್ರು ಮೆಸ್ಸಿನಲ್ಲಿ ಕೊನೆಯ ಮೇಜಿನಲ್ಲಿ ಒಬ್ಬರೇ ಕುಳಿತು, ಊರಿಂದ ತಂದ ಖಡಕ್ ರೊಟ್ಟಿಯನ್ನು ದಾಲಿನಲ್ಲಿ ನೆನೆಸಿ ತಿನ್ನುತ್ತಿದ್ದರು. ಇರುವುದು ಕಂಪನಿಯ ಒಂದು ಕೋಣೆ. ಅದರ ಕಿಟಕಿ ತೆರೆದರೆ ಲಾರಿ ಗ್ಯಾರೇಜು.

ಖಡಕ್ ರೊಟ್ಟಿಯ ಸಂಗತಿ ಕೇಳಿ ನನ್ನ ಹೆಂಡತಿಗೆ ತಡೆಯಲಿಲ್ಲ. "ಒಣಗಿದ್ದನ್ನು ತಿಂದು ಎಷ್ಟು ದಿನ ಇರ್ತಾರೆ ಆ ಮನುಷ್ಯ, ಕರ್ಕೊಂಡು ಬನ್ನಿ ನೀವು," ಎಂದಳು. ಹೀಗೆ ಶುಕ್ರವಾರದ ಊಟ ಶುರುವಾಯಿತು. ಮಧ್ಯಾಹ್ನ ನಮ್ಮ ಬಿಲ್ಡಿಂಗಿನ ಕೆಳಗೆ ಬಂದು ಒಂದು ಮಿಸ್ ಕಾಲ್ ಕೊಡುತ್ತಿದ್ದರು. ಸೀದಾ ಮೇಲೆ ಬನ್ನಿ ಎಂದು ಎಷ್ಟು ಹೇಳಿದರೂ ಕೇಳುವ ಆಸಾಮಿ ಅಲ್ಲ. ನಾನು ತಿರುಗಿ ಒಂದು ರಿಂಗು ಕೊಟ್ಟ ಮೇಲೆಯೇ ಲಿಫ್ಟು ಹತ್ತುವುದು. ಫೋನು ಒಮ್ಮೆ ಹೊಡೆದು ನಿಂತರೆ ಹೆಂಡತಿ "ತತ್ತಿ ಮಾತಾಡಿತು, ಬಟ್ಟಲು ಇಡಿ," ಎನ್ನುತ್ತಿದ್ದಳು.

ಮೊದಲ ದಿನವೇ ಅವರ ಕಣ್ಣು ನಮ್ಮ ಬಾಲ್ಕನಿಯ ತುಳಸಿಯ ಮೇಲೆ ಬಿತ್ತು. ಮೂರು ಕುಂಡ. ಈ ಬಿಸಿಲಲ್ಲಿ ತುಳಸಿ ಉಳಿಸುವುದೆಂದರೆ ಮಗು ಸಾಕಿದ ಹಾಗೆಯೇ, ನನ್ನವಳು ಗೋಣಿ ಕಟ್ಟಿ ನೆರಳು ಮಾಡಿ ಸೊಂಪಾಗಿ ಬೆಳೆಸಿದ್ದಳು. ಡಾಕ್ಟ್ರು ಚಪ್ಪಲಿ ಬಿಟ್ಟು ಕೈ ಮುಗಿದರು. ಆಮೇಲೆ ಒಂದೆಲೆ ಕಿತ್ತು, ಹಿಸುಕಿ, ಮೂಸಿ, "ತಂಗೀ, ಇದರಾಗ ನನಗ ಸ್ವಲ್ಪ ಎಲಿ ಕೊಡ್ತಿ ಏನವಾ?" ಎಂದು ಕೇಳಿದರು.

ಊಟಕ್ಕೆ ಕುಳಿತು ವಿಷಯ ಬಿಡಿಸಿ ಹೇಳಿದರು. ಮರಿಗಳು ಹುಟ್ಟಿದ ಮೊದಲ ವಾರ ಬಹಳ ಸಾಯುತ್ತವೆ. ಸಾಯಬಾರದೆಂದು ಕಂಪನಿಗಳು ಮದ್ದಿನ ಮೇಲೆ ಮದ್ದು ಹಾಕುತ್ತವೆ. ಅದರ ಬದಲು ಹುಟ್ಟುವ ಮೊದಲೇ ಗಿಡಮೂಲಿಕೆಯ ಸತ್ವ ಕೊಟ್ಟು ಗಟ್ಟಿ ಮಾಡಿದರೆ ಹೇಗೆ? ಹದಿನೆಂಟನೆಯ ದಿನ ಮೊಟ್ಟೆಯ ಅಗಲ ತುದಿಯಲ್ಲಿ ಸಣ್ಣ ತೂತು ಮಾಡಿ, ಮರಿಯ ಸುತ್ತ ಇರುವ ನೀರಿಗೆ ಸೂಜಿಯಿಂದ ಒಂದು ಹನಿ ಬಿಟ್ಟು, ತೂತಿಗೆ ಮೇಣ ಹಚ್ಚುವುದು. ಮರಿ ಆ ನೀರನ್ನು ಕುಡಿದೇ ಮೊಟ್ಟೆ ಒಡೆಯುತ್ತದೆ. ಅವರು ತುಳಸಿ ಸತ್ವದಲ್ಲಿ ನೋಡಬೇಕೆಂದು ಇಪ್ಪತ್ತು ವರ್ಷದಿಂದ ಆಸೆಪಟ್ಟವರು. ಬರ್ ದುಬೈಯ ದೇವಸ್ಥಾನದ ಗಲ್ಲಿಗೆ ಬಸ್ಸು ಹತ್ತಿ ಹೋಗಿ ತುಳಸಿ ತಂದಿದ್ದರಂತೆ. ಬಾಡಿತ್ತು. "ಎಲ್ಲೀ ಗಿಡಾನೋ, ಅದಕ್ಕ ಏನ ಹೊಡದಾರೋ ಯಾರಿಗ್ಗೊತ್ತು. ಪ್ರಯೋಗಕ್ಕ ಶುದ್ಧ ಎಲಿ ಬೇಕು. ನಿಮ್ಮನ್ಯಾಗ ಸಿಕ್ತು," ಎಂದರು.

ನನ್ನವಳು ಸಾರು ಬಡಿಸುತ್ತಾ ನಿಂತಿದ್ದಳು. "ಅಲ್ಲ ಡಾಕ್ಟ್ರೇ, ತುಳಸಿ ನೀರು ಬಾಯಿಗೆ ಬಿಡುದು ಸಾಯುವಾಗ. ನೀವು ಹುಟ್ಟುವ ಮೊದಲೇ ಬಿಡ್ತೀರಲ್ಲ ಮಾರಾಯ್ರೆ."

ಅವರು ಅಷ್ಟು ನಗುವುದನ್ನು ನಾನು ಮೊದಲ ಸಲ ನೋಡಿದ್ದು. ಅನ್ನ ನೆತ್ತಿಗೇರಿ ಕೆಮ್ಮಿ, ನೀರು ಕುಡಿದು, "ಯಾರರೆ ಬಿಡ್ತಾರಲ್ಲ ತಂಗಿ, ಅದs ದೊಡ್ಡದು," ಎಂದರು.

ಪ್ರಯೋಗ ಮೂರು ಟ್ರೇಯಲ್ಲಿ. ಒಂದಕ್ಕೆ ತುಳಸಿ ಸತ್ವ. ಒಂದಕ್ಕೆ ಬರೀ ಉಪ್ಪುನೀರು. ಒಂದಕ್ಕೆ ಏನೂ ಇಲ್ಲ. ಎರಡನೆಯದನ್ನು ಅವರು "ಬರೇ ಸೂಜಿ ತಿಂದವು" ಎಂದು ಕರೆಯುತ್ತಿದ್ದರು. ಅವುಗಳ ಮೇಲೆ ಅವರಿಗೆ ವಿಶೇಷ ಕನಿಕರ. ಏನೂ ಲಾಭ ಇಲ್ಲದೆ ಚುಚ್ಚಿಸಿಕೊಂಡವಲ್ಲ. ಸೂಜಿ ಹಾಕುವಾಗ ಉಸಿರು ಬಿಗಿಹಿಡಿದು, ಪ್ರತಿ ಮೊಟ್ಟೆಗೂ "ಆತು, ಆತು" ಎಂದು ಸಮಾಧಾನ ಹೇಳುತ್ತಿದ್ದರು.

ಇದರ ಮೇಲೆ ಅವರ ಬದುಕೇ ನಿಂತಿತ್ತು. ಅರವತ್ತು ದಾಟಿತ್ತು. ಆ ವಯಸ್ಸಿನವರನ್ನು ಇಲ್ಲಿ ಕಂಪನಿ ಬೇಕು ಎಂದರೆ ಮಾತ್ರ ಇಟ್ಟುಕೊಳ್ಳುತ್ತಾರೆ, ಇಲ್ಲವಾದರೆ ವೀಸಾ ಖಲಾಸ್. ನಮ್ಮ ಮ್ಯಾನೇಜರ್ ಲೆಬನಾನಿನವ, ಕೆಟ್ಟವನಲ್ಲ, ಗಡಿಬಿಡಿಯವ. ಹರ್ಬಲ್ ಚಿಕನ್ ಎಂದು ಮಾರಬಹುದು ಎಂದು ಅವನಿಗೆ ಹೊಳೆದಿತ್ತು. ಇದು ಗೆದ್ದರೆ ನೀವು ಇಲ್ಲೇ ಇರಿ, ನಾನಿರುವಷ್ಟು ದಿನ ಇರಿ ಎಂದಿದ್ದ. ಹಿಂದೆ ಹೋಗುವ ಮಾತು ಬಂದರೆ ಡಾಕ್ಟ್ರ ಮುಖ ಇಳಿಯುತ್ತಿತ್ತು. "ಅಲ್ಲಿ ನಂದೊಂದು ಬಾಡಿಗಿ ಖೋಲಿ ಹಿಡದು ಕೂಡೂದು ಶೆಟ್ರ. ಇಲ್ಲೆ ಏನಿಲ್ಲಂದ್ರೂ ವಾರದಾಗ ಎರಡ ಸಲ ಯಾರರೆ ಹುಟ್ತಾರ," ಎಂದು ಒಮ್ಮೆ ಹೇಳಿದ್ದರು. ಅವರಿಗೆ ಇಲ್ಲಿ ಇರಬೇಕಿತ್ತು, ಅಷ್ಟೇ. ಬೇರೆ ಆಸೆ ನಾನು ಕಾಣಲಿಲ್ಲ.

ಪ್ರಯೋಗ ಗೆದ್ದಿತು. ತುಳಸಿ ಟ್ರೇಯ ಮರಿಗಳು ಮೊದಲು ಹೊರಬಂದವು, ಕಾಲು ಗಟ್ಟಿ, ಕಣ್ಣು ಚುರುಕು. ಮೊದಲ ವಾರ ಸಾಯುವವು ಸಾಯಲಿಲ್ಲ. ಮ್ಯಾನೇಜರ್ ಇವರ ಎರಡೂ ಕೆನ್ನೆಗೆ ಮುತ್ತು ಕೊಟ್ಟ. ಹಸಿರು ಎಲೆಯ ಚಿತ್ರ ಹಾಕಿ ಕರಪತ್ರ ಅಚ್ಚಿಗೆ ಹೋಯಿತು. ವೀಸಾದ ಕಾಗದಗಳು ಸಹಿಗೆ ಮೇಜಿನ ಮೇಲೆ ಬಂದವು.

ಮರು ಶುಕ್ರವಾರ ಡಾಕ್ಟ್ರು ಮಧ್ಯಾಹ್ನದ ತನಕ ಕಾಯಲಾರದೆ ಬೆಳಿಗ್ಗೆಯೇ ಬಂದುಬಿಟ್ಟರು. ಮಿಸ್ ಕಾಲ್ ಕೂಡ ಕೊಡಲಿಲ್ಲ. ಕೈಯಲ್ಲಿ ಊರಿನವರೊಬ್ಬರ ಮೂಲಕ ತರಿಸಿದ ಧಾರವಾಡ ಪೇಡೆ. "ತಂಗೀ, ಎಲ್ಲದೀ?" ಎಂದು ಸೀದಾ ಬಾಲ್ಕನಿಗೆ ಹೋದರು.

ನನ್ನವಳು ಸ್ನಾನ ಮಾಡಿ ತುಳಸಿಗೆ ಶುಕ್ರವಾರದ ಪೂಜೆ ಮಾಡುತ್ತಿದ್ದಳು. ಚೊಂಬಿನಲ್ಲಿ ಅರಿಶಿನ ಕಲಸಿದ ನೀರು. ಅದನ್ನು ಬೆರಳಿನಿಂದ ಮೂರೂ ಗಿಡದ ಎಲೆಗಳ ಮೇಲೆ ಧಾರಾಳವಾಗಿ ಚಿಮುಕಿಸುತ್ತಿದ್ದಳು. ಪೂಜೆಯೂ ಆಯಿತು, ಹುಳವೂ ಹತ್ತುವುದಿಲ್ಲ. ಅವಳ ತಾಯಿ ಕಲಿಸಿದ್ದು. ಡಾಕ್ಟ್ರು ಪೇಡೆ ಹಿಡಿದುಕೊಂಡು ಹಾಗೆಯೇ ನಿಂತರು.

"ಇದು ಪ್ರತಿ ವಾರ ಮಾಡ್ತೀ ಏನವಾ?"

"ಮದುವೆ ಆದಾಗಿನಿಂದ ಒಂದು ಶುಕ್ರವಾರ ತಪ್ಪಿಸಿದವಳಲ್ಲ ಡಾಕ್ಟ್ರೇ," ಎಂದಳು ಇವಳು, ಹೆಮ್ಮೆಯಿಂದ. ಬೆಳಿಗ್ಗೆ ಅವಳು ಚಿಮುಕಿಸುವುದು, ಮಧ್ಯಾಹ್ನ ಇವರು ಬಂದು ಕೊಯ್ದುಕೊಂಡು ಹೋಗುವುದು. ಬೆಂಗಳೂರಿನ ಲ್ಯಾಬಿನಲ್ಲೂ ಆಗದ, ಅಮೆರಿಕದವನು ಮಾಡಲು ಸಾಧ್ಯವೇ ಇಲ್ಲದ ತಪ್ಪು ಇದು. ಊರಲ್ಲಾದರೆ ಒಂದು ಮಳೆ ಬಂದು ತೊಳೆದುಬಿಡುತ್ತಿತ್ತು. ಇಲ್ಲಿ ಮಳೆ ಎಲ್ಲಿ? ವಾರದ ಮೇಲೆ ವಾರ ಅರಿಶಿನ ಎಲೆಯ ರೋಮಕ್ಕೆ ಹಿಡಿದು ಕುಳಿತಿತ್ತು.

ಅವರು ಅವಳಿಗೆ ಏನೂ ಹೇಳಲಿಲ್ಲ. ಪೇಡೆ ಕೊಟ್ಟರು, ಊಟ ಮಾಡಿದರು, ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ಕೆಳಗೆ ಬಿಡಲು ಹೋದಾಗ ಲಿಫ್ಟಿನ ಎದುರು ನಿಂತು, "ಸತ್ವದ ಬಣ್ಣ ಸ್ವಲ್ಪ ಹಳದಿ ಇತ್ತು ಶೆಟ್ರ. ನಾ ಎಲಿದs ಅನ್ಕೊಂಡಿದ್ದೆ. ತೊಳದಿದ್ದೆ ಮತ್ತ. ಅರಿಷಿಣ ತೊಳದ್ರ ಹೋಗ್ತದೇನು," ಎಂದರು.

"ಅರಿಶಿನವೂ ಮದ್ದೇ ಅಲ್ವಾ ಡಾಕ್ಟ್ರೇ? ಮರಿ ಗಟ್ಟಿ ಆದದ್ದು ಸುಳ್ಳಾ?"

"ಆಗ್ಯಾವ. ಯಾವುದ್ರಿಂದ ಆದವು? ತುಳಸಿ ಅಂತ ಬರದೀನಿ."

"ಯಾರಿಗೆ ಗೊತ್ತಾಗ್ಲಿಕ್ಕುಂಟು? ಸುಮ್ಮನಿರಿ. ಸಹಿ ಒಂದು ಆಗ್ಲಿ, ಮತ್ತೆ ಬೇಕಾದ್ರೆ ನಿಧಾನಕ್ಕೆ ನೋಡ್ಕೊಳ್ಳಿ."

"ನನಗ ಗೊತ್ತಾತಲ್ರೀ," ಎಂದರು. ಲಿಫ್ಟು ಬಂತು, ಹೋದರು.

ನನಗೆ ಎಂಥ ಕೋಪ ಬಂದಿತ್ತೆಂದರೆ, ಎರಡು ದಿನ ಅವರ ಹತ್ತಿರ ಮಾತಾಡಲಿಲ್ಲ. ಸತ್ಯ ಹರಿಶ್ಚಂದ್ರ ಹ್ಯಾಚರಿಯಲ್ಲಿ ಹುಟ್ಟಿ ಬಂದಿದ್ದಾನೆ ಎಂದು ಮೆಷೀನುಗಳ ಮುಂದೆ ಕೂಗಾಡಿದೆ. ಈಗಲೂ ಆ ಕೋಪ ಪೂರ್ತಿ ಹೋಗಿಲ್ಲ. ಸುಮ್ಮನಿದ್ದಿದ್ದರೆ ಆ ಮನುಷ್ಯ ನಮ್ಮ ನಡುವೆ ಇರುತ್ತಿದ್ದ.

ಶನಿವಾರ ಬೆಳಿಗ್ಗೆಯೇ ಅವರು ಮ್ಯಾನೇಜರಿಗೆ ಹೇಳಿದ್ದರು: ಫಲಿತಾಂಶ ನಿಲ್ಲುವುದಿಲ್ಲ, ಮತ್ತೊಮ್ಮೆ ಮಾಡಬೇಕು. ಅವನು ತಲೆಗೆ ಕೈ ಹೊತ್ತು, ಕರಪತ್ರದ ಕಟ್ಟು ತೋರಿಸಿ, ಕೊನೆಗೆ ಒಂದು ಸಲ ಎಂದರೆ ಒಂದೇ ಸಲ ಎಂದು ಒಪ್ಪಿದ. ಸಹಿ ಆಗದ ಕಾಗದಗಳು ಡ್ರಾಯರಿನ ಒಳಗೆ ಹೋದವು.

ಈಗ ನನ್ನವಳಿಗೆ ಹೇಳದೆ ವಿಧಿಯಿರಲಿಲ್ಲ. ಅವಳು ಅತ್ತಳು. "ನನ್ನ ಪೂಜೆಯಿಂದ ಅವರ ಅನ್ನಕ್ಕೆ ಕಲ್ಲು ಬಿತ್ತಲ್ಲ," ಎಂದು ಹಲುಬಿದಳು. ಡಾಕ್ಟ್ರು ಬಂದು, "ನಿನ್ನ ಅರಿಷಿಣ ಆ ಮರಿಗೋಳಿಗೆ ಒಳ್ಳೇದs ಮಾಡ್ಯದ, ಅಳಬ್ಯಾಡ," ಎಂದು ಸಮಾಧಾನ ಮಾಡಿದರು. ಒಂದು ಹೊಸ ಸಸಿ ಬೇಕು, ಅದಕ್ಕೆ ನೀರು ಬಿಟ್ಟರೆ ಬೇರೇನೂ ಮುಟ್ಟಿಸಬಾರದು ಎಂದರು.

"ಅರಿಶಿನ ಇಲ್ಲದ ತುಳಸಿಯಾ? ಬೋಳು ಬೋಳು. ಮನೆಯಲ್ಲಿ ಹಾಗೆ ಇಡ್ಲಿಕ್ಕಾಗುದಿಲ್ಲ ಡಾಕ್ಟ್ರೇ."

"ಅದು ನನ್ನ ಪಾಲಿಂದು ಅಂತ ಇಡು ತಂಗಿ. ನನ್ನ ಮನ್ಯಾಗೂ ಅರಿಷಿಣ ಕುಂಕುಮ ಇಲ್ಲಲ್ಲ."

ಅವಳು ಆ ದಿನವೇ ನಾಲ್ಕನೆಯ ಕುಂಡ ಇಟ್ಟಳು. ಚಿಮುಕಿಸಿದ್ದು ಹಾರಿ ಬೀಳಬಾರದೆಂದು ಅದನ್ನು ಬಾಲ್ಕನಿಯ ಆ ತುದಿಗೆ, ಏಸಿಯ ಪೆಟ್ಟಿಗೆಯ ಆಚೆ ಇರಿಸಿದ್ದಾಯಿತು. ಅದಕ್ಕೆ ಡಾಕ್ಟ್ರ ತುಳಸಿ ಎಂದೇ ಹೆಸರು. ಅದು ಬೆಳೆದು ಎಲೆಯಾಗುವ ತನಕ ಪ್ರತಿ ಶುಕ್ರವಾರ ಅವರು ಊಟಕ್ಕೆ ಮೊದಲು ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ನೋಡುತ್ತಿದ್ದರು.

ಎರಡನೆಯ ಪ್ರಯೋಗದಲ್ಲಿ ಏನೂ ಆಗಲಿಲ್ಲ. ತುಳಸಿ ಕುಡಿದವೂ ಬರೇ ಸೂಜಿ ತಿಂದವೂ ಒಂದೇ ಸಮ. ವ್ಯತ್ಯಾಸ ಇಲ್ಲ ಎಂದು ಅವರೇ ಬರೆದುಕೊಟ್ಟರು. ಅರಿಶಿನದಲ್ಲಿ ನೋಡೋಣ, ಎರಡೂ ಬೆರೆಸಿ ನೋಡೋಣ, ಅಲ್ಲಿ ಏನೋ ಇದೆ ಎಂದು ಬೇಡಿಕೊಂಡರು ಕೂಡ. ಮ್ಯಾನೇಜರ್ ಎದ್ದು ಬಂದು ಅವರ ಹೆಗಲ ಮೇಲೆ ಕೈ ಇಟ್ಟ. "ಖಲಾಸ್, ಡಾಕ್ಟರ್. ನೀವು ಸುಮ್ಮನಿದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ," ಎಂದ. ನಾನು ಅಲ್ಲೇ ಏಸಿ ನೋಡುವ ನೆಪದಲ್ಲಿ ನಿಂತಿದ್ದೆ.

ಆ ಬ್ಯಾಚಿನ ಮರಿಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಕಳಿಸಿದ ಮೇಲೆ ಟ್ರೇಯಲ್ಲಿ ಒಂದು ಮೊಟ್ಟೆ ಉಳಿದಿತ್ತು. ಚಿಪ್ಪಿಗೆ ಸಣ್ಣ ಬಿರುಕು, ಅಷ್ಟೇ. ಹೊತ್ತು ಮೀರಿದ್ದನ್ನು ಕಸಕ್ಕೆ ಹಾಕುವುದು ನಿಯಮ. ಡಾಕ್ಟ್ರು ಅದನ್ನು ಅಂಗೈಯಲ್ಲಿ ಹಿಡಿದು ನನ್ನ ಮುಖ ನೋಡಿದರು. ನಾನು ಲ್ಯಾಬಿನ ಸಣ್ಣ ಕಾವುಪೆಟ್ಟಿಗೆ ಚಾಲೂ ಮಾಡಿಕೊಟ್ಟೆ. ಅವರು ಸ್ಟೂಲು ಎಳೆದುಕೊಂಡು ಅದರ ಪಕ್ಕ ಕುಳಿತು, ಉಗುರಿನಿಂದ ಗಾಜಿನ ಮೇಲೆ ಟಕ್ ಟಕ್ ಎನ್ನಿಸತೊಡಗಿದರು. ಸ್ವಲ್ಪ ನಿಲ್ಲಿಸುವುದು, ಕಿವಿಗೊಡುವುದು, ಮತ್ತೆ ಟಕ್ ಟಕ್. ಡಬ್ಬಿ ಊಟ ಹಾಗೇ ಉಳಿಯಿತು. ಅವರು ಪಾಯಿಖಾನೆಗೆ ಎದ್ದಾಗ ನಾನು ಕುಳಿತು ತಟ್ಟಿದೆ; ಯಾರಾದರೂ ನೋಡಿಯಾರು ಎಂದು ನಾಚಿಕೆಯೂ ಆಗುತ್ತಿತ್ತು. ಮಧ್ಯಾಹ್ನ ಕಳೆದ ಮೇಲೆ ಮರಿ ಹೊರಬಿತ್ತು. ಒದ್ದೆ ಮುದ್ದೆ, ತಲೆ ಎತ್ತಲು ಬಾರದ್ದು. "ಬಾರಪ್ಪಾ, ತಡಾ ಆತು," ಎಂದರು ಡಾಕ್ಟ್ರು. ಅದು ಯಾವ ಟ್ರೇಯದು ಎಂದು ಕೇಳಿದೆ. ಬರೇ ಸೂಜಿ ತಿಂದದ್ದಂತೆ.

ಮುಂದಿನ ತಿಂಗಳು ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದೆವು. ನನ್ನವಳು ಅವರ ತುಳಸಿಯ ಒಂದು ಟೊಂಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. "ಕಸ್ಟಮ್ಸ್‌ನವ್ರು ಹಿಡೀತಾರ," ಎನ್ನುತ್ತಲೇ ಜೇಬಿನಲ್ಲಿ ಟಾರ್ಚಿನ ಪಕ್ಕ ಇಟ್ಟುಕೊಂಡರು. ಅದು ಅಲ್ಲಿ ಬೇರು ಬಿಡಲಿಲ್ಲ ಎಂದು ಆಮೇಲೆ ತಿಳಿಯಿತು.

ಆ ವಾರದಿಂದಲೇ ಶುಕ್ರವಾರದ ರಿಂಗು ಶುರುವಾಯಿತು. ನಾನು ಎತ್ತಿದರೆ ಸಿಟ್ಟಾಗುತ್ತಿದ್ದರು. ಹಬ್ಬಕ್ಕೆ, ನಮ್ಮ ಮಕ್ಕಳ ಪರೀಕ್ಷೆಗೆ ಮಾತ್ರ ಮಾತು. ಆಗಲೂ ತಮ್ಮ ಸುದ್ದಿ ಹೇಳುತ್ತಿರಲಿಲ್ಲ. "ನನ್ನ ತುಳಸಿ ಹೆಂಗದ?" ಎಂದು ಕೇಳುವರು. ನನ್ನವಳು ಫೋನು ಕಸಿದುಕೊಂಡು, "ಉಂಟು ಡಾಕ್ಟ್ರೇ, ಬೋಳಾಗಿಯೇ ಉಂಟು, ನಾನು ಎಂತದೂ ಮುಟ್ಟಿಸ್ಲಿಲ್ಲ," ಎನ್ನುವಳು. ಪ್ರಯೋಗ ಮುಗಿದು ಎಷ್ಟು ಕಾಲವಾಗಿತ್ತು. ಆದರೂ ಅವಳು ಬೀಜ ಹಾಕಿ ಹಾಕಿ ಆ ಕುಂಡವನ್ನು ಹಸಿರಾಗಿಯೇ ಇಟ್ಟಿದ್ದಳು, ಅದೇ ತುದಿಯಲ್ಲಿ, ಅರಿಶಿನ ಸೋಕದ ಹಾಗೆ.

ಎರಡು ತಿಂಗಳ ಹಿಂದಿನ ಆ ಶುಕ್ರವಾರ ಕಾದು ಕಾದು ನಾನೇ ಫೋನು ಮಾಡಿದೆ. ಹೆಂಗಸೊಬ್ಬಳು ಎತ್ತಿದಳು. ಅವರು ಬಾಡಿಗೆಗಿದ್ದ ಮನೆಯಾಕೆ.

"ನಿನ್ನೆ ಮುಂಜಾನೆ ಚಹಾ ಕೊಡಾಕ ಹೋದೆರಿ ಅಣ್ಣಾರ, ಬಾಗಿಲಾ ತಗೀಲಿಲ್ಲ. ನಿದ್ದ್ಯಾಗs ಹೋಗಿಬಿಟ್ಟಾರ. ನಿನ್ನೆನs ಎಲ್ಲಾ ಮುಗೀತ್ರಿ, ಓಣಿ ಮಂದಿನs ಮಾಡಿದ್ರು." ಆಮೇಲೆ ಕೇಳಿದಳು, "ನೀವು ಅವ್ರಿಗೆ ಏನಾಗ್ಬೇಕ್ರಿ?"

ಏನಾಗಬೇಕು? ಬಂಧುವಲ್ಲ, ಜಾತಿಯಲ್ಲ, ಒಂದೇ ಊರಲ್ಲ. "ಶುಕ್ರವಾರ ಮಿಸ್ ಕಾಲ್ ಕೊಡ್ತಿದ್ರು," ಎಂದೆ.

"ಹೌದ್ರಿ? ಅವ್ರು ನೀವs ಏನು?" ಅವಳ ದನಿ ಬದಲಾಯಿತು. "ಶುಕ್ರವಾರ ಜಳಕಾ ಮಾಡಿ, ತೊಳದ ಅಂಗಿ ಹಾಕ್ಕೊಂಡು, ಫೋನ್ ಮುಂದ ಇಟಗೊಂಡು ಕೂಡ್ತಿದ್ರು ಅಜ್ಜಾರು. ಎತ್ತಿ ಮಾತಾಡ್ರಿ ಅಂದ್ರ, ಬ್ಯಾಡವಾ, ಅಲ್ಲೆ ಅದಾರ ಅಂತ ಗೊತ್ತಾದ್ರ ಸಾಕು ಅಂತಿದ್ರು."

ಫೋನು ಇಟ್ಟೆ. ನನ್ನವಳು ಎದುರಿಗೇ ನಿಂತಿದ್ದಳು, ಹೇಳುವುದು ಏನೂ ಉಳಿದಿರಲಿಲ್ಲ. ಒಂದೇ ಮಾತು ಕೇಳಿದಳು.

"ಬಾಯಿಗೆ ತುಳಸಿ ನೀರು ಯಾರಾದ್ರೂ ಬಿಟ್ರಂತಾ?"

"ನೋಡುವಾಗ ಆಗಿ ಹೋಗಿತ್ತಂತೆ."

ಅವಳು ಬಾಲ್ಕನಿಗೆ ಹೋದಳು. ಅಂದಿನ ಪೂಜೆ ಇನ್ನೂ ಆಗಿರಲಿಲ್ಲ, ಚೊಂಬು ಹಾಗೇ ಇತ್ತು. ಏಸಿ ಪೆಟ್ಟಿಗೆಯ ಆಚೆಯಿಂದ ಡಾಕ್ಟ್ರ ಕುಂಡವನ್ನು ಎರಡೂ ಕೈಯಿಂದ ಎಳೆಯುವ ಸದ್ದು ಕೇಳಿಸಿತು. ನಾನು ಹೋಗಿ ಒಂದು ಕಡೆ ಹಿಡಿದೆ. ಉಳಿದ ಮೂರರ ಪಕ್ಕಕ್ಕೆ ತಂದು, ಎಲೆಗೆ ಎಲೆ ತಾಗುವ ಹಾಗೆ ಒತ್ತಿ ಕೂರಿಸಿದೆವು. ಅವಳು ಚೊಂಬಿಗೆ ಬೆರಳು ಅದ್ದಿ ಅರಿಶಿನ ನೀರು ಚಿಮುಕಿಸಿದಳು. ಅದರ ಮೇಲೂ ಬಿತ್ತು. ಅವಳು ಕೈ ತಡೆಯಲಿಲ್ಲ.